ಖಾಲಿ ಹಾಳೆಯ ಇಪ್ಪತ್ಮೂರನೇ ಸಾಲು

ನಿಮ್ಮವ್ವ ಕಂಪ್ಯೂಟರ್ ಕಲಿಯುವಾಗ ನಾನು ಅವಳ ಬೆನ್ನ ಹಿಂದೆ ಕೂತಿರುತ್ತಿದ್ದೆ. ಕಲಿಯಲಿಕ್ಕಲ್ಲ, ಕಾಯಲಿಕ್ಕೆ. ದೊಡ್ಡಾಕಿ, ನೀನು ಆಗ ಅವಳ ಹೊಟ್ಟೆಯಲ್ಲಿದ್ದೆ.

ತೆಲಂಗಾಣ ರಾಜ್ಯವಾದ ಹೊಸತು. ಅದಕ್ಕೆ ಮೊದಲು ಬಂದ್, ಧರಣಿ ಎಂದು ಕಾಲೇಜು ನಡೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ನಿಮ್ಮವ್ವನ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಹಿಂದೆ ಹಿಂದೆ ಸರಿಯುತ್ತ ಅವಳ ಏಳನೇ ತಿಂಗಳಿಗೆ ಬಂದು ನಿಂತಿತ್ತು. ಪರೀಕ್ಷೆ ಗದ್ವಾಲದಲ್ಲಿ. ಅವಳ ತವರೂ ಅಲ್ಲೇ. ಪರೀಕ್ಷೆ ಬರೆದು ಹಾಗೇ ಚೊಚ್ಚಲ ಹೆರಿಗೆಗೆ ತವರುಮನೆಗೆ ಹೋಗುವುದೆಂದು ಮಾತಾಗಿತ್ತು. ಆದರೆ ಅದಕ್ಕೆ ಮೊದಲು ನಾರಾಯಣಪೇಟೆಯಲ್ಲಿ ಅವಳು ಓದುತ್ತಿದ್ದ ಕಾಲೇಜಿನ ಸರ್ ಅವಳ ಪ್ರೋಗ್ರಾಂ ಓಡಿದ್ದನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

"ಈ ಸಲ ತಪ್ಪಿದ್ರ ಮುಗೀತ್ರಿ ಅತ್ತಿ," ಎಂದಿದ್ದಳು ನಿಮ್ಮವ್ವ. "ಕೂಸಿನ್ನ ಬಗಲಾಗ ಇಟ್ಕೊಂಡು ಮತ್ತ ಯಾವಾಗ ಓದಾಕ ಬರ್ಲಿ?"

ನಿಮ್ಮಪ್ಪನಿಗೆ ಅಂಗಡಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಅವಳನ್ನು ಒಬ್ಬಳೇ ಬಸ್ಸಿಗೆ ಹತ್ತಿಸಲು ನನಗೆ ಮನಸ್ಸಿಲ್ಲ. ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ನಾನು ನಮ್ಮೂರು ಮಕ್ತಲ್‌ನ ಬಸ್‌ಸ್ಟ್ಯಾಂಡ್ ದಾಟಿದ್ದೇ ಕಡಿಮೆ. ನಾಲ್ಕು ಜನರ ನಡುವೆ ಬಾಯಿ ಬಿಡಲು ಈಗಲೂ ನನಗೆ ಸಂಕೋಚ. ಆದರೂ ಸೆರಗು ಹೊದ್ದು, ಬುತ್ತಿ ಕಟ್ಟಿಕೊಂಡು ಹೊರಟೆ.

ಕಾಲೇಜಿನ ಗೇಟಿನ ಮೇಲಿನ ಬೋರ್ಡಿಗೆ ಆಗ ತಾನೇ ಸುಣ್ಣ ಹೊಡೆದು ಹೊಸ ರಾಜ್ಯದ ಹೆಸರು ಬರೆದಿದ್ದರು. ಹಳೆಯ ರಾಜ್ಯದ ಹೆಸರು ಸುಣ್ಣದ ಕೆಳಗಿಂದ ಇನ್ನೂ ಕಾಣುತ್ತಿತ್ತು. ನಾನು ಓದಿದ್ದು ಊರ ಕನ್ನಡ ಶಾಲೆ. ತೆಲುಗು ಅಕ್ಷರ ತಡವರಿಸಿ ಓದುತ್ತೇನೆ. ಒಂದರ ಮೇಲೊಂದು ಇದ್ದ ಆ ಎರಡು ಹೆಸರು ನನಗೆ ಯಾವತ್ತೂ ಪೂರ್ತಿ ಓದಲು ಆಗಲಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರಿಗೂ ಸ್ಟೂಲು. ಗೋಡೆ ಪಕ್ಕದ ಹಳೆಯ ಕಂಪ್ಯೂಟರ್ ಮುಂದೆ ಮಾತ್ರ ಬೆನ್ನಿರುವ ಒಂದು ಕುರ್ಚಿ. ಬಸುರಿ ಎಂದು ಹುಡುಗಿಯರೆಲ್ಲ ಸೇರಿ ಅದನ್ನು ನಿಮ್ಮವ್ವನಿಗೇ ಬಿಟ್ಟುಕೊಟ್ಟಿದ್ದರು.

ನನಗೆ ತಿಳಿದಷ್ಟು ಹೇಳುತ್ತೇನೆ. ನೀಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾಲು ಸಾಲು ಬರೆಯಬೇಕು. ಬರೆದದ್ದಕ್ಕೆ ಒಂದು ಹೆಸರಿಟ್ಟು ಉಳಿಸಬೇಕು. ಆಮೇಲೆ ಯಂತ್ರ ಅದನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ. ಆ ಓದಿಗೆ ಕಂಪೈಲ್ ಅನ್ನುತ್ತಾರೆ. ತಪ್ಪಿದ್ದರೆ ಯಾವ ಸಾಲಿನಲ್ಲಿದೆ ಎಂದು ಹೇಳುತ್ತದೆ. ಇಲ್ಲದಿದ್ದರೆ ಪ್ರೋಗ್ರಾಂ ಓಡುತ್ತದೆ.

ನಿಮ್ಮವ್ವ ಬರೆದದ್ದಕ್ಕೆ ಇಟ್ಟ ಹೆಸರು 'ಶ್ರೀ'. ನನಗೆ ಅದು ಹಿತವಾಗಿತ್ತು. ನಮ್ಮಲ್ಲಿ ಅಂಗಡಿ ಚೀಟಿ ಇರಲಿ, ಮದುವೆ ಯಾದಿ ಇರಲಿ, ತಲೆಯ ಮೇಲೆ ಶ್ರೀ ಬರೆಯದೆ ಮುಂದಿನ ಅಕ್ಷರ ಇಲ್ಲ. ಆ ಕೋಣೆಯ ಹುಡುಗಿಯರೆಲ್ಲ ಮೊದಲ ಪ್ರೋಗ್ರಾಮಿಗೆ ಅದೇ ಹೆಸರು ಇಟ್ಟಿದ್ದರಂತೆ. ಅವರಿಗಿಂತ ಮೊದಲು ಕಲಿತುಹೋದವರೂ ಅಷ್ಟೇ.

ಎಲ್ಲರ ಶ್ರೀ ಓಡಿತು. ನಿಮ್ಮವ್ವನದು ಓಡಲಿಲ್ಲ.

"ಇಪ್ಪತ್ಮೂರನೇ ಸಾಲಿನಾಗ ತಪ್ಪು ಐತಿ ಅಂತ್ರಿ," ಎಂದಳು ಹಿಂದೆ ತಿರುಗಿ. "ನಾ ಬರದದ್ದ ಹದಿನೆಂಟು ಸಾಲು!"

ನಾನು ಬೆರಳಿಟ್ಟು ಎಣಿಸಿದೆ. ಹದಿನೆಂಟೇ ಇತ್ತು.

ಸರ್ ವಯಸ್ಸಿನಲ್ಲಿ ಚಿಕ್ಕವರು, ತೆಲುಗಿನವರು. ನಮ್ಮೊಡನೆ ಮಾತ್ರ ಕಷ್ಟಪಟ್ಟು ಕನ್ನಡ ಆಡುತ್ತಿದ್ದರು. "ಖಾಲಿ ಸಾಲೂ ಲೆಕ್ಕಕ್ಕ ಬರತೈತಮ್ಮಾ, ಸರಿಯಾಗಿ ನೋಡು," ಎಂದರು. ಅವಳು ಖಾಲಿ ಸಾಲನ್ನೆಲ್ಲ ತೆಗೆದಳು. ಮತ್ತೆ ಇಪ್ಪತ್ಮೂರು. ಪಕ್ಕದ ಹುಡುಗಿಯ ಪರದೆ ನೋಡಿ ಅಕ್ಷರಕ್ಕೆ ಅಕ್ಷರ ಹಾಗೇ ಬರೆದಳು. ಅಲ್ಲಿ ಓಡುತ್ತದೆ, ಇಲ್ಲಿ ಇಪ್ಪತ್ಮೂರು.

"ಸರ್, ಅಕ್ಕ ನನ್ನ ಕಂಪ್ಯೂಟರಿನ ಮ್ಯಾಲೆ ಓಡಿಸಿ ತೋರಸ್ಲೇನು?" ಎಂದು ಆ ಹುಡುಗಿ ಕೇಳಿದಳು.

"ಪರೀಕ್ಷಿಯಾಗ ಎದ್ದು ಇನ್ನೊಬ್ಬರ ಜಾಗಕ್ಕ ಹೋಗಾಕ ಬರ್ತದೇನು? ತನ್ನ ತಪ್ಪು ತಾನ ಹುಡುಕಬೇಕು," ಎಂದರು ಸರ್.

ದಿನವೂ ಹೋದೆವು, ದಿನವೂ ಅದೇ ಆಯಿತು. ಯಂತ್ರ ಕೆಲವೊಮ್ಮೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಆರಿಸಿ ಹಚ್ಚಿದರೆ ಮತ್ತೆ ಅದೇ ಸಾಲು. ಬಸ್ಸಿನಲ್ಲಿ ಅವಳು ಆ ಹದಿನೆಂಟು ಸಾಲನ್ನೇ ಬಾಯಲ್ಲಿ ಒಪ್ಪಿಸುತ್ತ ಬರುತ್ತಿದ್ದಳು. ಇಲ್ಲದ ಸಾಲಿನಲ್ಲಿ ತಪ್ಪು ಹೇಗಿರುತ್ತದೆ ಎಂದು ರೊಟ್ಟಿ ಬಡಿಯುವಾಗಲೂ ನಾನು ಯೋಚಿಸುತ್ತಿದ್ದೆ. ಯೋಚಿಸಿದಷ್ಟೂ ತಲೆ ಕೆಟ್ಟಿತು. ಯಾರ ಕಣ್ಣೋ ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದೆ. ಅವಳಿಗೆ ಕೆಮ್ಮು ಬಂತು, ಅಷ್ಟೇ.

ಗದ್ವಾಲಕ್ಕೆ ಹೋಗುವ ಮುಂಚಿನ ಕೊನೆಯ ದಿನ. ಮಧ್ಯಾಹ್ನ ಕಳೆದಿತ್ತು, ಅವಳ ಕಾಲು ಊದಿದ್ದವು. ಮಕ್ತಲ್ ಬಸ್ಸಿನ ಹೊತ್ತಾಗುತ್ತಿತ್ತು. ನನಗೆ ನೋಡಲಾಗಲಿಲ್ಲ.

"ಸಾಕವ್ವ, ಎಲ್ಲಾ ಅಳಿಸಿಬಿಡು, ಮನಿಗೆ ಹೋಗೂಣು," ಎಂದೆ.

ಅವಳಿಗೆ ಸಿಟ್ಟು ಬಂದಿತ್ತು. ಯಂತ್ರದ ಮೇಲೋ, ನನ್ನ ಮೇಲೋ, ಗೊತ್ತಿಲ್ಲ. ನಿಜವಾಗಿಯೂ ಎಲ್ಲ ಅಳಿಸಿದಳು. ಪರದೆ ಬರೀ ನೀಲಿ. ಹಾಗೇ ಉಳಿಸಿ, ಅದೇ ಸಿಟ್ಟಿನಲ್ಲಿ ಕಂಪೈಲ್ ಒತ್ತಿದಳು.

ಯಂತ್ರ ಹೇಳಿತು: ಶ್ರೀ, ಇಪ್ಪತ್ಮೂರನೇ ಸಾಲಿನಲ್ಲಿ ತಪ್ಪು.

ಪಕ್ಕದ ಹುಡುಗಿ ಬಗ್ಗಿ ನೋಡಿದಳು. "ಅಯ್ಯ ಅಕ್ಕಾ! ಒಲಿನ ಹಚ್ಚಿಲ್ಲ, ಸಾರಿಗೆ ಉಪ್ಪು ಜಾಸ್ತಿ ಆಗೈತಿ ಅನ್ನೋ ಅತ್ತಿ ಇದ್ದಂಗ ಐತಲ್ಲ ಇದು!" ಆಮೇಲೆ ಹಿಂದೆ ಕೂತ ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ನಾನು ಸೆರಗು ಬಾಯಿಗಿಟ್ಟು ನಕ್ಕೆ. ನಿಮ್ಮವ್ವನೂ ನಕ್ಕಳು, ಎಷ್ಟೋ ದಿನದ ಮೇಲೆ. ನಗುತ್ತಲೇ ಮತ್ತೆ ಪರದೆಯ ಕಡೆ ಬಗ್ಗಿದಳು.

"ಸರ್, ಇಲ್ಲಿ ಬರ್ರಿ. ಖಾಲಿ ಹಾಳಿಯಾಗ ತಪ್ಪು ತೋರಿಸ್ತದ. ಇದು ನಾ ಬರದದ್ದು ಓದೂದಾ ಇಲ್ಲ."

ಸರ್ ಬಂದರು. ಖಾಲಿ ಪರದೆ ನೋಡಿದರು, ತಲೆ ಕೆರೆದುಕೊಂಡರು. "ಇದೇಂದಮ್ಮಾ!" ಎಂದು ತೆಲುಗಿಗೆ ಹೊರಳಿದರು. ಅದು ಇದು ಒತ್ತಿ ಹುಡುಕಿ, ಕೊನೆಗೆ ಮೇಜಿಗೆ ಕೈ ಬಡಿದರು.

ಆದದ್ದು ಇಷ್ಟು. ಹಿಂದಿನ ವರ್ಷ ಕಲಿತುಹೋದ ಯಾರೋ ಆ ಕಂಪ್ಯೂಟರಿನಲ್ಲಿ ತಮ್ಮ ಫೈಲುಗಳನ್ನು ಒಂದು ಗಂಟು ಕಟ್ಟಿಟ್ಟು, ಬಿಚ್ಚದೇ ಹೋಗಿದ್ದರು. ಆ ಗಂಟು ಇರುವ ತನಕ ಯಂತ್ರ ಅದರೊಳಗಿನದನ್ನು ಮಾತ್ರ ಓದುತ್ತದಂತೆ, ಎದುರಿಗೆ ಏನೇ ಬರೆದಿರಲಿ. ಅವರೂ ತಮ್ಮದಕ್ಕೆ ಶ್ರೀ ಎಂದೇ ಹೆಸರಿಟ್ಟಿದ್ದರು. ತಪ್ಪು ಅವರ ಶ್ರೀಯದು. ಹೆಸರು ಒಂದೇ ಆದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಕಣ್ಣ ಮುಂದಿನದನ್ನು ಬಿಟ್ಟು ಯಂತ್ರ ಎಲ್ಲೋ ಇಟ್ಟದ್ದನ್ನು ಏಕೆ ಓದಬೇಕು? ನನಗೆ ಇವತ್ತಿಗೂ ತಿಳಿದಿಲ್ಲ. ನೀವು ತಿಳಿಸಿ ಹೇಳಿದ್ದೀರಿ. ಹೂಂ ಅಂದಿದ್ದೇನೆ, ಅಷ್ಟೇ.

ಸರ್ ಗಂಟು ಬಿಚ್ಚಿದರು. "ಮತ್ತ ಬರಿಯಮ್ಮಾ. ಈ ಸಲ ಬ್ಯಾರೆ ಹೆಸರು ಇಡು."

ನಿಮ್ಮವ್ವ ನನ್ನ ಕಡೆ ತಿರುಗಿದಳು. "ಅತ್ತಿ, ಶ್ರೀ ಬಿಟ್ಟು ಏನಂತ ಇಡ್ಲಿ?"

ಆ ಕೋಣೆಯಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕೂಸು ಅಂತ ಇಡು," ಎಂದುಬಿಟ್ಟೆ.

ಬಾಯಿಪಾಠವಾಗಿದ್ದ ಹದಿನೆಂಟು ಸಾಲನ್ನು ಅವಳು ಸರಸರ ಬರೆದಳು. ಓಡಿತು. ಕಪ್ಪು ಪರದೆಯ ಮೇಲೆ ಅಂಕಿಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತವು. ಸರ್ ಸಹಿ ಹಾಕಿದರು. ಬಸ್ಸು ತಪ್ಪಿತ್ತು. ಮುಂದಿನ ಬಸ್ಸಿನಲ್ಲಿ, ಹುಟ್ಟುವ ಮೊದಲೇ ಕೂಸಿನ ಹೆಸರು ಎತ್ತಬಾರದಿತ್ತೇನೋ ಎಂದು ನನಗೆ ಹೊಸ ಚಿಂತೆ ಹತ್ತಿತು. "ಕೂಸು ಅನ್ನೋದು ಹೆಸರಲ್ಲ ಬಿಡ್ರಿ ಅತ್ತಿ," ಎಂದು ಅವಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು.

ಗದ್ವಾಲದಲ್ಲಿ ಪರೀಕ್ಷೆ ನಡೆಯುವಾಗ ನಾನು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ಮೆಲ್ಲಗೆ ಹೊರಗೆ ಬಂದಳು.

"ಓಡ್ತೇನವ್ವ?"

"ಓಡ್ತ್ರಿ. ಕೂತಕೂಡ್ಲೆ ಏನೂ ಬರೀದ ಖಾಲಿ ಕಂಪೈಲ್ ಒತ್ತಿ ನೋಡಿದೆ. ತಪ್ಪು ಬರ್ಲಿಲ್ಲ. ಆಮ್ಯಾಲ ಬರದೆ."

ನಾನು ಚೀಲ ಎತ್ತಿಕೊಂಡೆ. ಅವಳ ತವರಿನ ದಾರಿ ಹಿಡಿದು ಇಬ್ಬರೂ ನಡೆದೆವು.