ಒಂದೇ ಅಪಘಾತ, ಎರಡು ವಕಾಲತ್ತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನ್ಯಾಯಾಲಯಗಳಲ್ಲಿ ಮೋಟಾರು ಅಪಘಾತ ಪರಿಹಾರದ ಮೊಕದ್ದಮೆ ನಡೆಸಿದ ವಕೀಲರು ಅನೇಕರಿದ್ದಾರೆ. ಆದರೆ ಗಾಯಾಳುಗಳ ಮನೆಯ ಜಗಲಿಯಲ್ಲಿ ಕುಳಿತು, ಅವರಿಗಾದ ನಷ್ಟವನ್ನೂ ಅವರಿಂದಾದ ತಪ್ಪನ್ನೂ ಒಂದೇ ತಾಳ್ಮೆಯಿಂದ ಕೇಳಿಸಿಕೊಂಡವರು ಯಾರೆಂದರೆ, ಮೊದಲು ನೆನಪಾಗುವ ಹೆಸರು ಶ್ರೀಮತಿ ಚಂದ್ರಕಲ ಅವರದು. ಎಪ್ಪತ್ತು ತುಂಬಿದ ಈ ವರ್ಷ ಅವರು ಕರಿಕೋಟನ್ನು ಕಳಚಿಟ್ಟು ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಕಚೇರಿಯಲ್ಲಿ ಕಿರಿಯ ವಕೀಲೆಯಾಗಿ ಕೆಲಸ ಕಲಿತ ನನಗೆ ಈ ಗೌರವಗ್ರಂಥದಲ್ಲಿ ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯ.

ನಾಗಮಂಗಲದ ನಮ್ಮ ಮನೆಯಿಂದ ಹೆಣ್ಣುಮಗಳೊಬ್ಬಳು ದಿನವೂ ಕೆ.ಆರ್. ಪೇಟೆಯ ಕೋರ್ಟಿಗೆ ಹೋಗಿಬರುವುದೆಂದರೆ ನನ್ನ ತಾಯಿ ನಜ್ಮುನ್ನೀಸಾ ಅವರಿಗೆ ದಿಗಿಲು. ಅದನ್ನರಿತ ಚಂದ್ರಕಲ ಅವರು ತಾವೇ ಬಸ್ಸು ಹತ್ತಿ ಮನೆಗೆ ಬಂದು, “ಫಿರ್ದೋಸ್‌ನ ಸಂಜೆ ಬಸ್ಸಿಗೆ ನಾನೇ ಹತ್ತಿಸ್ತೀನಿ. ಸೀಟು ಸಿಕ್ಕೋವರೆಗೂ ಅಲ್ಲೇ ನಿಂತಿರ್ತೀನಿ” ಎಂದರು. ನಾನು ಸ್ವಂತ ಕಚೇರಿ ತೆರೆಯುವವರೆಗೂ ಆ ಮಾತನ್ನು ನಡೆಸಿದರು.

ಡಿಕ್ಕಿಯ ಪ್ರಕರಣಗಳಲ್ಲಿ ‘ಹಿಂದಿನಿಂದ ಗುದ್ದಿದವನದೇ ತಪ್ಪು’ ಎನ್ನುವುದು ವಿಮಾ ಕಂಪನಿಗಳ ಹಳೆಯ ವಾದ. ಚಂದ್ರಕಲ ಅವರು ಅದನ್ನು ಪೂರ್ತಿ ತಳ್ಳಿಹಾಕುತ್ತಿರಲಿಲ್ಲ, ಪೂರ್ತಿ ಒಪ್ಪುತ್ತಲೂ ಇರಲಿಲ್ಲ. ಹಿಂದಿನವನಿಗೆ ಕಣ್ಣಿರಬೇಕು, ಮುಂದಿನವನಿಗೆ ದೀಪವಿರಬೇಕು, ಎರಡೂ ತಪ್ಪಿದಲ್ಲಿ ಹೊಣೆಯನ್ನು ಹಂಚಲೇಬೇಕು ಎಂಬುದು ಅವರ ಪಾಠ. ಅದು ಎಷ್ಟು ಕಠಿಣವಾದ ಪಾಠವೆಂಬುದು ನನಗೆ ತಿಳಿದದ್ದು ಕಿಕ್ಕೇರಿಯ ಒಂದು ಕುಟುಂಬದಿಂದ.

ಮುದ್ದಯ್ಯ ಬಾಡಿಗೆ ಕಾರು ಓಡಿಸುತ್ತಿದ್ದವರು. ಒಂದು ಮುಸ್ಸಂಜೆ ಪಾಂಡವಪುರದ ಕಡೆಯ ಬೀಗರೂಟ ಮುಗಿಸಿಕೊಂಡು, ತಾಯಿ ಚಿಕ್ಕಬೋರಮ್ಮನವರನ್ನೂ ತಮ್ಮನ ಹೆಂಡತಿ ಲತ ಅವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ಮರಳುತ್ತಿದ್ದರು. ಕಬ್ಬು ಹೇರಿದ ಟ್ರಾಕ್ಟರ್ ಟ್ರೇಲರೊಂದು ಅಚ್ಚು ಮುರಿದು ರಸ್ತೆಯಲ್ಲೇ ನಿಂತಿತ್ತು. ಹಿಂಬದಿಗೆ ದೀಪವಿಲ್ಲ, ಎಚ್ಚರಿಕೆಗೆ ಒಂದು ಸೊಪ್ಪಿನ ಕೊಂಬೆಯೂ ಇಲ್ಲ. ತಾಯಿ ನೀರು ಕೇಳಿದರು, ಮುದ್ದಯ್ಯ ಬಾಟಲಿ ಕೊಡಲು ಹಿಂದಕ್ಕೆ ತಿರುಗಿದರು. ಲತ ಕಿರುಚುವಷ್ಟರಲ್ಲಿ ಕಾರು ಟ್ರೇಲರಿನ ಕೆಳಗೆ ನುಗ್ಗಿತ್ತು. ತಾಯಿಗೆ ತರಚುಗಾಯವಷ್ಟೇ ಆಯಿತು. ಮುದ್ದಯ್ಯನವರ ಬಲಗೈ ಹಿಡಿತ ಕಳೆದುಕೊಂಡಿತು. ನಾಟಿ ಹೆಂಗಸರ ಗುಂಪಿಗೆ ಮುಂದಾಳಾಗಿದ್ದ ಲತ ಅವರ ಮೊಣಕಾಲು ಮತ್ತೆ ಬಾಗಲಿಲ್ಲ.

ಮೂವರೂ ಚಂದ್ರಕಲ ಅವರಲ್ಲಿಗೆ ಬಂದರು. ನಡೆದುದನ್ನೆಲ್ಲ ಕೇಳಿದ ಮೇಲೆ ಅವರು, ಮುದ್ದಯ್ಯ, ಲತ ಇಬ್ಬರ ವಕಾಲತ್ತನ್ನೂ ತಾವೇ ಹಿಡಿಯಲಾಗದೆಂದರು. ಲತ ಬರೀ ಪ್ರಯಾಣಿಕರು, ಅವರದೇನೂ ತಪ್ಪಿಲ್ಲ. ಅವರಿಗೆ ಪರಿಹಾರ ಸಿಗಬೇಕಾದರೆ ಟ್ರಾಕ್ಟರಿನವರ ಜೊತೆಗೆ ಮುದ್ದಯ್ಯನವರನ್ನೂ ಎದುರುದಾರರನ್ನಾಗಿ ಮಾಡಬೇಕಿತ್ತು. ಮುದ್ದಯ್ಯನವರ ಪರಿಹಾರದಲ್ಲಾದರೋ ಅವರ ತಪ್ಪಿನ ಪಾಲು ಕಡಿತವಾಗುತ್ತಿತ್ತು.

ಚಿಕ್ಕಬೋರಮ್ಮ ಸಿಡಿದೆದ್ದರು. “ಒಂದೇ ಮನೆಯೋರ್ಗೆ ಎರಡು ಲಾಯ್ರು ಯಾಕವ್ವ? ಸೊಸೆ ಕೈಲಿ ನನ್ ಮಗನ ಮೇಲೇ ಕೇಸಾಕುಸ್ತೀಯಾ? ನಿದಾನಕ್ಕೇ ಬತ್ತಿದ್ದ ಅಂತ ಇಬ್ರೂ ಹೇಳ್ಬುಟ್ರೆ ಮುಗೀತು.”

“ಅವ್ವಾ, ನಾನು ಇಬ್ಬರ ಕಡೆಗೂ ನಿಂತ್ರೆ ಒಬ್ಬರನ್ನ ಮುಳುಗಿಸ್ಬೇಕಾಯ್ತದೆ” ಎಂದರು ಚಂದ್ರಕಲ. ಲತ ಅವರ ಪ್ರಕರಣವನ್ನು ತಾವಿಟ್ಟುಕೊಂಡು, ಮುದ್ದಯ್ಯನವರನ್ನು ಅಷ್ಟರಲ್ಲಿ ಸ್ವಂತ ಕಚೇರಿ ತೆರೆದಿದ್ದ ನನ್ನಲ್ಲಿಗೆ ಕಳುಹಿಸಿದರು.

ಇಲ್ಲಿಯೇ ನಾನು ಅವರ ದೊಡ್ಡತನವನ್ನು ಕಂಡದ್ದು. ತಪ್ಪೆಲ್ಲ ಕಾರಿನದೆಂದು ವಾದಿಸಿದ್ದರೆ ಅವರ ಕೆಲಸ ಬೇಗ ಮುಗಿಯುತ್ತಿತ್ತು. ಆ ದಾರಿಯನ್ನು ಅವರು ಹಿಡಿಯಲಿಲ್ಲ. ಅಪಘಾತವಾದ ಜಾಗಕ್ಕೆ ಹೋಗಿ, ರಸ್ತೆಬದಿಯ ಹೊಲದ ಕರಿಯಪ್ಪನವರನ್ನು ಹುಡುಕಿದರು. ಟ್ರಾಕ್ಟರಿನ ಮಾಲೀಕ ಅವರ ಊರಿನವನೇ.

“ಊರೋರ ಮೇಲೆ ಎಂಗವ್ವ ಸಾಕ್ಷಿ ಹೇಳ್ಲಿ? ನಾಳೆ ಅವ್ರ ಮುಖ ನೋಡಬ್ಯಾಡ್ವಾ?” ಎಂದು ಆತ ಹಿಂಜರಿದರು.

“ಯಾರ ಮೇಲೂ ಹೇಳ್ಬೇಡಪ್ಪ. ಗಾಡಿ ಯಾವಾಗಿಂದ ನಿಂತಿತ್ತು, ದೀಪ ಇತ್ತೋ ಇಲ್ವೋ, ಅಷ್ಟೇ ಹೇಳು” ಎಂದು ಚಂದ್ರಕಲ ಕೇಳಿಕೊಂಡರು. ಒಪ್ಪದಿದ್ದಾಗ ಬೇಸರಿಸದೆ ಹಿಂದಿರುಗಿ, ಮತ್ತೆ ಹೋದರು. ಕೊನೆಗೆ ಕರಿಯಪ್ಪನವರು ಬಂದು, ಟ್ರೇಲರು ಮಧ್ಯಾಹ್ನದಿಂದ ಹಾಗೆಯೇ ನಿಂತಿತ್ತೆಂದು ನುಡಿದರು. ಆ ಸಾಕ್ಷ್ಯ ಲತ ಅವರಿಗಿಂತ ಹೆಚ್ಚಾಗಿ ನನ್ನ ಕಕ್ಷಿದಾರರಿಗೆ ಊರುಗೋಲಾಯಿತು.

ಮುದ್ದಯ್ಯನವರ ಪಾಟೀಸವಾಲಿನ ದಿನ ಇಡೀ ಕುಟುಂಬ ಕೋರ್ಟಿನ ಪಡಸಾಲೆಯಲ್ಲಿತ್ತು. ನಿಜವನ್ನೇ ಹೇಳಿರೆಂದು ನಾನು ಅವರಿಗೆ ತಿಳಿಸಿದ್ದೆ. ಆದರೂ ಅವರು ತಾಯಿಯ ಮುಖ ನೋಡುತ್ತ ಬೆವರುತ್ತಿದ್ದರು. ಆಗ ಲತ ಊರುಗೋಲು ಹಿಡಿದು ಎದ್ದು ಬಂದರು.

“ಬಾವ, ನನ್ನೂ ಕೂಗ್ತಾರೆ. ದೇವ್ರಾಣೆ, ನಾನು ಸುಳ್ಳೇಳಕ್ಕಿಲ್ಲ. ನೀವು ತಿರುಗ್ನಿಲ್ಲ ಅಂದ್ಬುಟ್ರೆ, ತಿರುಗಿದ್ರು ಅಂತ ನಿಮ್ಮೆದುರ್ಗೇ ನಾನೇಳ್ಬೇಕಾಯ್ತದೆ. ಅದ ಮಾತ್ರ ನನ್ ಕೈಲಿ ಮಾಡುಸ್ಬ್ಯಾಡಿ.”

ಚಿಕ್ಕಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಒಳಗಿನಿಂದ ಹೆಸರು ಕೂಗಿದಾಗ ಅವರು ಮಗನ ಹಿಡಿತವಿಲ್ಲದ ಕೈಯನ್ನು ಹಿಡಿದುಕೊಂಡರು. “ಹೇಳ್ಬುಡು ಕಣ್ಲಾ. ನೀರು ಕೇಳ್ದೋಳು ನಮ್ಮವ್ವ ಅಂತ್ಲೂ ಹೇಳ್ಬುಡು. ಆ ಪಾಪ ನಂಗೇ ಇರ್ಲಿ.”

ಕಟಕಟೆಯಲ್ಲಿ ವಿಮಾ ಕಂಪನಿಯ ವಕೀಲರು ಕೇಳಿದರು, ಮುದ್ದಯ್ಯ ಒಪ್ಪಿಕೊಂಡರು. “ಹೌದು ಸ್ವಾಮಿ, ತಿರುಗಿದ್ದೆ.”

“ಯಾಕೆ?”

“ಸ್ಟೇರಿಂಗು ನನ್ ಕೈಲಿತ್ತು ಸ್ವಾಮಿ. ತಿರುಗ್ದೋನು ನಾನು. ಬ್ಯಾರೆ ಯಾರ್ದೂ ತಪ್ಪಿಲ್ಲ. ಆದ್ರೆ ಅಲ್ಲೊಂದು ಕೆಂಪು ದೀಪ ಇದ್ದಿದ್ರೆ ತಿರುಗೋಕ್ಮುಂಚೇನೇ ಕಾಣೋದು.”

ನೀರಿನ ಮಾತು ಅವರ ಬಾಯಿಂದ ಬರಲೇ ಇಲ್ಲ. ಬಾಗಿಲ ಬಳಿ ನಿಂತಿದ್ದ ತಾಯಿ ಅತ್ತರು.

ತೀರ್ಪಿನಲ್ಲಿ ತಪ್ಪಿನ ಹೆಚ್ಚಿನ ಪಾಲು ದೀಪವಿಲ್ಲದೆ ನಿಂತ ಟ್ರೇಲರಿನದೆಂದೂ ಉಳಿದ ಪಾಲು ಮುದ್ದಯ್ಯನವರದೆಂದೂ ನಿರ್ಣಯವಾಯಿತು. ಅವರ ಪರಿಹಾರ ಅಷ್ಟು ಕಡಿಮೆಯಾಯಿತು, ಲತ ಅವರದು ಕಿಂಚಿತ್ತೂ ಕಡಿಮೆಯಾಗಲಿಲ್ಲ. ಆದೇಶ ಹೊರಬಿದ್ದ ದಿನ ಚಂದ್ರಕಲ ಅವರು ನನ್ನ ಕಚೇರಿಗೆ ಬಂದು, ನನ್ನನ್ನು ದಾಟಿ ನೇರ ಮುದ್ದಯ್ಯನವರ ಬಳಿ ಹೋಗಿ ಕೈಮುಗಿದರು. ಎದುರು ಪಕ್ಷದವರಿಗೆ ಅವರು ಹಾಗೆ ಕೈಮುಗಿದುದನ್ನು ನಾನು ಮತ್ತೆಂದೂ ಕಾಣೆ. ಮುದ್ದಯ್ಯ ಈಗ ಕಿಕ್ಕೇರಿಯಲ್ಲಿ ಪಂಚರ್ ಅಂಗಡಿ ಇಟ್ಟಿದ್ದಾರೆ. ಲತ ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ನಾಟಿಯ ಗುಂಪನ್ನು ನಡೆಸುತ್ತಾರೆ.

ಮೇಡಂ ಅವರಿಗೆ ನಿವೃತ್ತಿಯಲ್ಲೂ ಬಿಡುವಿಲ್ಲ. ಕಬ್ಬು ಅರೆಯುವ ಕಾಲ ಬಂದರೆ ಟ್ರಾಕ್ಟರುಗಳು ಸಾಲುಗಟ್ಟುವಲ್ಲಿಗೆ ಹೋಗಿ, ಟ್ರೇಲರಿನ ಹಿಂದೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುತ್ತಾರೆ. ಆ ಕೆಲಸ ಬಹುಕಾಲ ಸಾಗಲಿ, ಅದಕ್ಕೆ ಬೇಕಾದ ಆರೋಗ್ಯ ಅವರಿಗಿರಲಿ ಎಂಬುದು ನನ್ನ ಪ್ರಾರ್ಥನೆ. ಈ ಲೇಖನದ ವಿಷಯ ತಿಳಿಸಲು ಹೋದಾಗ ಚಿಕ್ಕಬೋರಮ್ಮ ಹಾರೈಸಿದ್ದು ಹೀಗೆ:

“ನೂರ್ಕಾಲ ಬಾಳ್ಲಿ ಕಣವ್ವ ಆ ತಾಯಿ. ಆದ್ರೆ ನಾವು ಅವ್ರ ಬಾಗ್ಲಿಗೋದಂಗೆ ಓಗೋ ದಿನ ಯಾರ್ಗೂ ಬರ್ದೆ ಇರ್ಲಿ.”