ಹಾಲಿನ ಯಂತ್ರದ ಕನ್ನಡ

ಹಾಲಿನ ಡೇರಿಗಳಲ್ಲಿ ಫ್ಯಾಟ್ ನೋಡುವ ಯಂತ್ರವಿರುತ್ತದಲ್ಲ, ಅದರೊಳಗಿನ ಪ್ರೋಗ್ರಾಂ ಬರೆಯುವುದು ಕೋಲಾರದಲ್ಲಿ ನನ್ನ ಕೆಲಸ. ಕ್ಯಾಲನೂರಿನ ಕಡೆ ನನ್ನ ಚಿಕ್ಕಮ್ಮ ಹಾಲು ಹಾಕುವ ಡೇರಿಯ ಯಂತ್ರವೂ ನಮ್ಮದೇ. ಪರದೆಯ ಮೇಲೆ ಎಲ್ಲವೂ ಕನ್ನಡದಲ್ಲಿ ಬರುವಂತೆ ಮಾಡಿದ್ದೆ. ಚಿಕ್ಕಮ್ಮ ಮೊಮ್ಮಕ್ಕಳಾದ ಮೇಲೆ ಅಕ್ಷರ ಕಲಿತವಳು. ಸರದಿ ಬಂದಾಗ "ಹಾಲು ಹಾಕಿ", "ಸ್ವಲ್ಪ ತಾಳಿ" ಎಂದು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಹಿಂದೆ ನಿಂತವರದ್ದನ್ನೂ ಅವಳೇ ಓದಿ ಹೇಳಬೇಕು. ನಮ್ಮ ಹುಡುಗ ಬರೆದದ್ದು ಎಂದು ಜಂಬ ಬೇರೆ.

ಆಮೇಲೆ ಹೊಸ ಕಂಪೈಲರ್ ಬಂತು. ನಾವು ಬರೆದದ್ದನ್ನು ಚಿಪ್‌ಗೆ ಅರ್ಥವಾಗುವಂತೆ ಇಳಿಸಿಕೊಡುವುದು ಈ ಕಂಪೈಲರೇ. ಯಂತ್ರ ಎಂದೂ ಬಳಸದ ಸಾಲುಗಳಿದ್ದರೆ ಹಳೆಯದು ತಾನೇ ಕಿತ್ತುಹಾಕುತ್ತಿತ್ತು. ಅದರ ಮೇಲೇ ಭಾರ ಹಾಕಿ, ಹಳೇ ಮಾದರಿಯ ಯಂತ್ರಕ್ಕೆಂದು ಬರೆದಿದ್ದ ಕಸವನ್ನೆಲ್ಲ ನಾನು ಹಾಗೇ ಬಿಟ್ಟಿದ್ದೆ. ಹೊಸದರಲ್ಲಿ ಇಳಿಸಿ ನೋಡಿದರೆ ಪ್ರೋಗ್ರಾಂ ಚಿಪ್‌ನಲ್ಲಿ ಹಿಡಿಸಲೇ ಇಲ್ಲ. ಯಾಕೆ ಎಂದು ನೋಡಬೇಕಿತ್ತು. ನೋಡಲಿಲ್ಲ. ಕೆಲಸ ಮುಗಿದರೆ ಸಾಕಾಗಿತ್ತು. ಕನ್ನಡ ಅಕ್ಷರಗಳು ಬಹಳ ಜಾಗ ತಿನ್ನುತ್ತಿದ್ದವು, ಅವನ್ನು ತೆಗೆದು ಇಂಗ್ಲಿಷ್ ಹಾಕಿ ಕಳಿಸಿಬಿಟ್ಟೆ. ನಾಲ್ಕು ಪದ ತಾನೇ, ಯಾರಿಗೇನು ನಷ್ಟ ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮನ ಜೊತೆ ಡೇರಿಗೆ ಹೋದೆ. ಅವಳು ಹಾಲು ಕೊಟ್ಟು, ಪರದೆಯ ಕಡೆ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿದಳು.

"ಏಮಕ್ಕಾ, ಚದವಲೇದಾ?" ಯಾಕಕ್ಕ ಓದಲಿಲ್ಲ ಎಂದು ಹಿಂದಿನವಳು ತೆಲುಗಿನಲ್ಲಿ ಕೆಣಕಿದಳು. ಚಿಕ್ಕಮ್ಮ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು.

ದಾರಿಯಲ್ಲಿ ನಾನೇ ಮಾತು ತೆಗೆದೆ. "ಪರದೆ ಮೇಲೆ ಇಂಗ್ಲಿಷ್ ಬಂದು ತೊಂದ್ರೆ ಆಯ್ತಾ ಚಿಕ್ಕಮ್ಮ?"

"ನಂದೇನ್ ಬಿಡೋ. ಒಂದಷ್ಟು ಅಕ್ಷರ ಕಲ್ತು ಎಲ್ಲಾರ್ ಮುಂದೆ ಮೆರೀತಿದ್ದೆ. ನೀನು ತೆಗ್ದಿದೀಯ ಅಂದ್ಮೇಲೆ ಯೋಚ್ನೆ ಮಾಡೇ ತೆಗ್ದಿರ್ತೀಯ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೂಂ ಅಂದುಬಿಟ್ಟೆ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಕೋಲಾರಕ್ಕೆ ಬಂದವನೇ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹಳೇ ಕಂಪೈಲರ್ ಕಿತ್ತುಹಾಕುತ್ತಿದ್ದ ಸಾಲುಗಳನ್ನೆಲ್ಲ ಹೊಸದು ಹಾಗೇ ತಂದು ಚಿಪ್‌ಗೆ ತುಂಬಿತ್ತು. ಹಿಂದಿನದರಲ್ಲಿ ಸರಿಯಿದ್ದದ್ದು ಇದರಲ್ಲಿ ಕೆಟ್ಟಿದೆ ಎಂದು ಕಂಪೈಲರ್ ಮಾಡಿದವರಿಗೆ ಬರೆದು ತಿಳಿಸಿದೆ, ಅವರು ಒಪ್ಪಿಯೂ ಒಪ್ಪಿದರು. ಒಪ್ಪಿದರೆ ನನಗೇನು ಸಮಾಧಾನ? ಯಾರೂ ಕಾಣದ ಕಸವನ್ನು ಉಳಿಸಿ, ಒಬ್ಬಳು ದಿನಾ ಓದುತ್ತಿದ್ದದ್ದನ್ನು ತೆಗೆದವನು ನಾನು. ಆ ಸಾಲುಗಳನ್ನು ನನ್ನ ಕೈಯಾರೆ ಅಳಿಸಿದೆ. ಕನ್ನಡ ಆರಾಮಾಗಿ ಹಿಡಿಸಿತು, ಇನ್ನೂ ಜಾಗ ಮಿಕ್ಕಿತು.

ನಾನೇ ಹೋಗಿ ಯಂತ್ರಕ್ಕೆ ಹಾಕಿಬಂದೆ. ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಸರದಿ ಬಂದಾಗ ಪರದೆಯ ಮೇಲೆ "ಹಾಲು ಹಾಕಿ" ಎಂದು ಬಂತು. ಅವಳ ತುಟಿ ಅಲ್ಲಾಡಿತು, ದನಿ ಬರಲಿಲ್ಲ.

"ಓದು ಚಿಕ್ಕಮ್ಮ" ಅಂದೆ.

ಅವಳು ನನ್ನ ಹತ್ತಿರಕ್ಕೆ ಬಗ್ಗಿ, ಹಿಂದಿನವರಿಗೆ ಕೇಳಿಸದ ಹಾಗೆ, "ಇದು ಇರ್ತದೇನೋ, ಇಲ್ಲಾ ಮತ್ತೆ ತೆಗೀತೀಯಾ?" ಎಂದು ಕೇಳಿದಳು.