ಬಿಡ್ರಿ ಎಂದರೆ

ಆ ಹೆಂಗಸಿನ ತಲೆಯ ಮೇಲೆ ಕಟ್ಟಿಗೆಯ ಹೊರೆ ಇತ್ತು. ಇವತ್ತಿಗೂ ಮೊದಲು ಕಣ್ಣಿಗೆ ಬರುವುದು ಅದೇ.

ಬಿ.ಎಸ್ಸಿ. ಮುಗಿಸಿ ಸೇನೆಯ ವೈರ್‌ಲೆಸ್ ಕೆಲಸಕ್ಕೆ ಸೇರಿದ ಹೊಸತು. ಅರವತ್ತರ ದಶಕದ ಕೊನೆ. ನಾಸಿಕದ ಆಚೆ, ತ್ರ್ಯಂಬಕೇಶ್ವರದ ಕಡೆಯ ಗುಡ್ಡಗಳಲ್ಲಿ ಒಂದು ಅಭ್ಯಾಸ ನಡೆದಿತ್ತು. ಕಾಡಿನಲ್ಲಿ ಅಡಗಿ ಹೊಡೆದು ಓಡುವ ಶತ್ರುವನ್ನು ಕಮಾಂಡೊಗಳೂ ತೋಪಿನವರೂ ಸೇರಿ ಹಿಡಿಯುವುದು ಹೇಗೆ ಎಂದು ಕಲಿಯಬೇಕಿತ್ತು. ಕಮಾಂಡೊಗಳು ಧೋತರ ಉಟ್ಟು, ಲಾಸಲಗಾಂವ್ ಮಾರುಕಟ್ಟೆಗೆ ಈರುಳ್ಳಿ ಹೊರಲು ಹೊರಟ ಹಮಾಲರ ಹಾಗೆ ಮುಂದೆ ನಡೆಯುತ್ತಿದ್ದರು. ತೋಪುಗಳು ಎಷ್ಟೋ ಹಿಂದೆ, ಗುಡ್ಡದ ಮರೆಯಲ್ಲಿ. ಮುಂದೆ ಕಮಾಂಡೊಗಳ ಜೊತೆಗಿದ್ದ ನಾವು ಹೇಳಿದಾಗ ಅವರು ಹೊಡೆಯಬೇಕು. ಹೊಡೆದದ್ದು ನಿಜವಾದ ಶೆಲ್ಲೇ.

ಶತ್ರುವಿನ ಪಾತ್ರ ಮಾಡುತ್ತಿದ್ದವರು ನಮ್ಮ ಹಿಂದಿ ಮಾತನ್ನು ಕದ್ದು ಕೇಳುತ್ತಿದ್ದರು. ಅದಕ್ಕೆ ಸಾಹೇಬರೊಬ್ಬರು ಉಪಾಯ ಹೂಡಿದರು: ಎರಡೂ ಕಡೆ ಕನ್ನಡದವರು ಮಾತಾಡಲಿ. ನಮ್ಮ ಕಡೆ ಕಲಬುರ್ಗಿಯ ಹವಾಲ್ದಾರರು. ತೋಪಿನ ಕಡೆ ಕುಂದಾಪುರದ ಹುಡುಗ. ವೈರ್‌ಲೆಸ್ ಪೆಟ್ಟಿಗೆ ಹೊತ್ತ ನಾನೂ ಕರಾವಳಿಯವನೇ; ಔರಂಗಾಬಾದಿನಲ್ಲಿ ಅಣ್ಣನ ಹೋಟೆಲಿತ್ತು.

"ಏನ್ರಿ ಇಡ್ಲಿ ಸಾಹೇಬ್ರ, ಪೆಟ್ಟಿಗಿ ಭಾರ ಆತೇನ್ರಿ?" ಎಂದು ಹವಾಲ್ದಾರರು ದಾರಿಯುದ್ದಕ್ಕೂ ಕಾಡಿಸಿದ್ದರು.

ಎದುರಿನ ಇಳಿಜಾರಿನ ಪಾಳು ಗುಡಿಸಲೇ ಗುರಿ. ಜಾಗ ಖಾಲಿ ಮಾಡಿಸಲಾಗಿದೆ ಎಂದು ಹೇಳಿದ್ದರು. ಆದರೂ ಆ ಹೆಂಗಸು ಅದರ ಹತ್ತಿರವೇ ನಡೆದು ಬಂದಳು. ಅವಳನ್ನು ಕರೆತರಲು ಹವಾಲ್ದಾರರು ಇಬ್ಬರು ಕಮಾಂಡೊಗಳನ್ನು ಕೆಳಗೆ ಓಡಿಸಿದರು. ಅಷ್ಟರಲ್ಲಿ ಕಾದು ಬೇಸತ್ತ ಕುಂದಾಪುರದ ದನಿ ಪೆಟ್ಟಿಗೆಯಲ್ಲಿ ಕೇಳಿತು:

"ಎಂತ ಮಾರಾಯ್ರೆ, ಬಿಡುದಾ?"

ಸದ್ಯಕ್ಕೆ ಕೈಬಿಡುವುದೇ ಎಂದು ಕೇಳುತ್ತಿದ್ದಾನೆ ಅಂದುಕೊಂಡ ಹವಾಲ್ದಾರರು, "ಹೂಂ, ಬಿಡ್ರಿ. ಈಗ ಬಿಡ್ರಿ" ಎಂದರು.

ಕರಾವಳಿಯವನಾದ ನನಗೆ ತಕ್ಷಣ ಹೊಳೆಯಿತು: ಅವನು ಕೇಳಿದ್ದು ಶೆಲ್ ಬಿಡುವುದೇ ಎಂದು. ಹವಾಲ್ದಾರರ ಕೈಯಿಂದ ರಿಸೀವರ್ ಕಿತ್ತುಕೊಂಡೆ.

"ಬೇಡ! ಹೊಡೀಬೇಡ! ಜನ ಇದ್ದಾರೆ!"

ಒಂದು ಕ್ಷಣ ಬರೀ ಗರಗರ ಸದ್ದು. ಆಮೇಲೆ ಅವನ ದನಿ, ಬಹಳ ಸಣ್ಣದಾಗಿ: "ಒಂದು ಹೋಯ್ತಲ್ಲ."

ಹವಾಲ್ದಾರರಿಗೆ ಆಗ ಅರ್ಥವಾಯಿತು. ಬಂಡೆಯ ಮೇಲೆ ಹತ್ತಿ ನಿಂತು, "ಖಾಲೀ ಬಸಾ! ಖಾಲೀ ಬಸಾ!" ಎಂದು ಮರಾಠಿಯಲ್ಲಿ, ಕೆಳಗೆ ಕೂತುಕೊಳ್ಳಿ ಎಂದು ಕಿರುಚಿದರು. ಓಡುತ್ತಿದ್ದ ಇಬ್ಬರು ಬೋರಲು ಬಿದ್ದರು. ಅವಳು ಮಾತ್ರ ಕೂರಲಿಲ್ಲ. ಯಾರು ಕೂಗುತ್ತಿದ್ದಾರೆಂದು ಹೊರೆ ಹಿಡಿದೇ ತಲೆಯೆತ್ತಿ ನೋಡಿದಳು.

ಆಕಾಶದಲ್ಲಿ ಬಟ್ಟೆ ಸೀಳಿದ ಹಾಗೆ ಸದ್ದಾಯಿತು. ಗುಡಿಸಲಿನ ಹಿಂದೆ ನೆಲ ಮೇಲೆದ್ದಿತು. ಧೂಳು ಕವಿದು ಏನೂ ಕಾಣಲಿಲ್ಲ. ಆ ಧೂಳು ಇಳಿಯುವವರೆಗಿನ ಹೊತ್ತನ್ನು ನಾನು ಇನ್ನೂ ಪೂರ್ತಿ ದಾಟಿಲ್ಲ.

ಅವಳು ನಿಂತಿದ್ದಳು. ಹೊರೆ ಬಿದ್ದಿತ್ತು. ಕಿವಿಯಲ್ಲಿ ಬೆರಳಿಟ್ಟು ಅಲ್ಲಾಡಿಸಿಕೊಂಡು, ಧೋತರದ ನಮ್ಮವರನ್ನು ಕಲ್ಲು ಒಡೆಯುವವರೆಂದೇ ತಿಳಿದು ಬಯ್ಯತೊಡಗಿದಳು. ಬಂಡೆಗೆ ಮದ್ದಿಟ್ಟು ಹಾರಿಸುವಾಗ ಮೊದಲೇ ಹೇಳಬಾರದೇ, ನಿಮಗೇನು ಬಾಯಿಲ್ಲವೇ ಎಂದು.

ಸಂಜೆ ಡೇರೆಯ ಹೊರಗೆ ಕುಂದಾಪುರದ ಹುಡುಗ ಬಿಳಿಚಿಕೊಂಡು ನಿಂತಿದ್ದ. "ನಾನು ಕೇಳಿಯೇ ಬಿಟ್ಟದ್ದಲ್ವಾ ಮಾರಾಯ್ರೆ. ಬಿಡಿ ಅಂದದ್ದು ಅವರೇ."

"ಬಿಡ್ರಿ ಅಂದ್ರ ಬಿಟ್ಟೇ ಬಿಡೋದೇನ್ರಿ!" ಎಂದರು ಹವಾಲ್ದಾರರು. ಯಾರೋ ನಕ್ಕರು. ಅವರಿಬ್ಬರೂ ನಗಲಿಲ್ಲ. ಎರಡನೆಯ ತೋಪೂ ತುಂಬಿ ತಯಾರಾಗಿತ್ತು ಎಂದು ಹುಡುಗ ನನಗೆ ಮಾತ್ರ ಹೇಳಿದ. ಮರುದಿನದಿಂದ ವೈರ್‌ಲೆಸ್‌ನಲ್ಲಿ ಕನ್ನಡ ನಿಂತಿತು.

ರಜೆ ಸಿಕ್ಕಾಗ ಔರಂಗಾಬಾದಿಗೆ ಹೋದೆ. ಅಣ್ಣನ ಹೋಟೆಲಿನಲ್ಲಿ ಊರಿನಿಂದ ಬಂದ ಮಾಣಿ ಇಡ್ಲಿ ಇಟ್ಟು, ಸಾಂಬಾರಿನ ಸೌಟು ಎತ್ತಿ ಹಿಡಿದು ಕೇಳಿದ:

"ಬಿಡುದಾ?"

ಬೇಡ ಎಂದು ಕೂಗಿಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಸಾಂಬಾರು ನನಗೆ ಬೇಕಿತ್ತು. ಆದರೆ ಬಿಡು ಎನ್ನಲು ಬಾಯಿ ಬರಲಿಲ್ಲ. ಇಡ್ಲಿಯನ್ನು ಹಾಗೆಯೇ ತಿಂದೆ.